ಯೂಟ್ಯೂಬ್ ಪಾರ್ಟ್ನರ್ ಪ್ರೋಗ್ರಾಂ: ನಾಲ್ಕು ವರ್ಷದ ಮೇಲೆ ಒಬ್ಬ ವೈಂಡಿಂಗ್ ಅಂಗಡಿಯವನ ಲೆಕ್ಕ

ಬಳಸುತ್ತಿರುವುದು: 2021ರ ಆಗಸ್ಟ್‌ನಿಂದ. ನನ್ನ ಅಂಕ: 5ಕ್ಕೆ 3.5.

ಹಿರಿಯೂರಿನ ಹತ್ತಿರ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರ್‌ಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತ್ತು, ರೈತರ ಬೋರ್‌ಗಳು ಮಾತ್ರ ನಡೆಯುತ್ತಲೇ ಇದ್ದವು. ಸ್ಟಾರ್ಟರ್ ಕೈಕೊಟ್ಟವರು ಫೋನ್ ಮಾಡಿ ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ, ಒಂದು ವಿಡಿಯೋ ಮಾಡಿ ಹಾಕಿದೆ. ದುಡ್ಡಿನ ಯೋಚನೆ ಆಗ ಇರಲಿಲ್ಲ. ಬಂದದ್ದು ಆಮೇಲೆ, ಬಂದ ಮೇಲೆ ತಲೆಯಿಂದ ಹೋಗಲೇ ಇಲ್ಲ.

ವಿಡಿಯೋದ ಜಾಹೀರಾತು ಹಣದಲ್ಲಿ ಯೂಟ್ಯೂಬ್ ನಮಗೂ ಪಾಲು ಕೊಡುವ ವ್ಯವಸ್ಥೆಯೇ ಈ ಪಾರ್ಟ್ನರ್ ಪ್ರೋಗ್ರಾಂ. ಉದ್ದದ ವಿಡಿಯೋ ಹಾಕಿ ಆ ಹಣ ಪಡೆಯಬೇಕಾದರೆ ಸಾವಿರ ಸಬ್‌ಸ್ಕ್ರೈಬರ್ ಬೇಕು, ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು. 2018ರಿಂದ ಇರುವ ನಿಯಮ ಇದು. ಸಾವಿರ ಜನ ಸುಲಭವಾಗಿ ಸಿಕ್ಕರು. ನೆಂಟರು, ಊರಿನ ಹುಡುಗರು, ಅವರ ಗೆಳೆಯರು, ಎಲ್ಲರೂ ಒಂದು ಸಲ ಒತ್ತಿದರು. ಗಂಟೆಗಳೇ ಕಷ್ಟ. 4,000 ಗಂಟೆ ಅಂದರೆ 2,40,000 ನಿಮಿಷ. ನನ್ನ ವಿಡಿಯೋ ಒಬ್ಬ ಸರಾಸರಿ ಮೂರು ನಿಮಿಷ ನೋಡಿದರೂ 80,000 ಸಲ ಓಡಬೇಕು. ನೆಂಟರು ಅಷ್ಟು ಸಲ ಕೆಪಾಸಿಟರ್ ನೋಡ್ತಾರಾ? ಪೂರ್ತಿ ಆಗುವಷ್ಟರಲ್ಲಿ ಒಂದೂವರೆ ವರ್ಷ ಹತ್ತಿರ ಬಂತು.

ಆಮೇಲೆ 10 ಡಾಲರ್ ಆದಾಗ ಅಂಚೆಯಲ್ಲಿ ಒಂದು ಪಿನ್ ನಂಬರ್ ಬರುತ್ತದೆ, ಮನೆ ವಿಳಾಸ ನಿಜವೋ ಸುಳ್ಳೋ ನೋಡಲು. ನಮ್ಮ ಪೋಸ್ಟ್‌ಮ್ಯಾನ್ ಅದನ್ನು ಕೊಡುವಾಗ "ಏನಣ್ಣ, ಫಾರಿನ್ನಿಂದ ಬಂದೈತೆ" ಅಂದಿದ್ದು ನೆನಪಿದೆ. ಕನಿಷ್ಠ 100 ಡಾಲರ್ ಸೇರದೆ ಬ್ಯಾಂಕಿಗೆ ಹಣ ಹೊರಡುವುದಿಲ್ಲ. ಸೇರಿದರೆ ಮುಂದಿನ ತಿಂಗಳ 21ರಿಂದ 26ರ ಒಳಗೆ ಹೊರಡುತ್ತದೆ. ತಾರೀಕಿನ ವಿಷಯದಲ್ಲಿ ಇಲ್ಲಿಯತನಕ ಒಂದು ಸಲವೂ ತಪ್ಪಿಲ್ಲ. ನನ್ನ ಗಿರಾಕಿಗಳ ಬಗ್ಗೆ ಆ ಮಾತು ಹೇಳೋಕಾಗಲ್ಲ.

ಮೊದಲ 100 ಡಾಲರ್ ಸೇರಲು ನಾಲ್ಕು ತಿಂಗಳು. ಆಗ ಡಾಲರ್‌ಗೆ 74 ರೂಪಾಯಿ ಆಸುಪಾಸು. ಅದರಲ್ಲೂ ನಮ್ಮ ಬ್ಯಾಂಕಿನವರು ಪರಿವರ್ತನೆಯ ದರ ಕಡಿಮೆ ಹಾಕಿ, ಮೇಲೆ ಶುಲ್ಕ ಹಿಡಿದು, ಯಾವ ಉದ್ದೇಶದ ಹಣ ಎಂದು ಫಾರಂ ತುಂಬಿಸಿ ಎರಡು ದಿನ ಓಡಾಡಿಸಿದರು. ಕೌಂಟರ್‌ನಲ್ಲಿದ್ದ ಹುಡುಗನಿಗೂ ಇದು ಮೊದಲ ಸಲ, ಪಾಪ. ವಿದೇಶಿ ಹಣಕ್ಕೆ ಎಷ್ಟು ಹಿಡಿಯುತ್ತಾರೆ ಎಂದು ಖಾತೆ ಕೊಡುವ ಮೊದಲೇ ಕೇಳಿಕೊಳ್ಳಿ.

ಈಗ ಮುಖ್ಯ ವಿಷಯ, ಎಷ್ಟು ಸಿಗುತ್ತದೆ? ಉದ್ದದ ವಿಡಿಯೋದ ಜಾಹೀರಾತು ಹಣದಲ್ಲಿ 55% ನಮಗೆ, ಉಳಿದದ್ದು ಅವರಿಗೆ. ಶೇಕಡಾವಾರು ಕೇಳಲು ಚೆನ್ನಾಗಿದೆ. ಆದರೆ ಯಾವುದರ ಶೇಕಡಾ 55? ಕನ್ನಡದಲ್ಲಿ, ಹಳ್ಳಿಯ ಗಂಡಸರು ನೋಡುವ ರಿಪೇರಿ ವಿಡಿಯೋಗೆ ದೊಡ್ಡ ಜಾಹೀರಾತುದಾರರು ಪೈಪೋಟಿ ಮಾಡುವುದಿಲ್ಲ. ನನ್ನ ಕೈಗೆ ಸಾವಿರ ವೀಕ್ಷಣೆಗೆ ಸುಮಾರು 28 ರೂಪಾಯಿ. ನನ್ನ ಹೆಂಡತಿಯದೂ ಒಂದು ಅಡುಗೆ ಚಾನೆಲ್ ಇದೆ. ಅವಳದು ವೀಕ್ಷಣೆ ನನ್ನ ಕಾಲು ಭಾಗ, ಆದರೆ ಸಾವಿರಕ್ಕೆ ನನ್ನ ಎರಡರಷ್ಟಕ್ಕಿಂತ ಜಾಸ್ತಿ. ಅಮೆರಿಕದಲ್ಲಿರುವ ಕನ್ನಡದ ಹೆಣ್ಣುಮಕ್ಕಳು ಅವಳ ಉಪ್ಪುಸಾರು ನೋಡುತ್ತಾರೆ. ಅಲ್ಲಿನ ಜಾಹೀರಾತಿನ ಬೆಲೆಯೇ ಬೇರೆ. ಅಲ್ಲಿಂದ ಬಂದ ಪಾಲಿಗೆ ಮಾತ್ರ ಅಮೆರಿಕದ ತೆರಿಗೆ ಹಿಡಿಯುತ್ತಾರೆ, 2021ರಿಂದ. ತೆರಿಗೆ ಫಾರಂ ತುಂಬಿ ಭಾರತ ಎಂದು ತೋರಿಸಿದರೆ 15%. ತುಂಬದೆ ಬಿಟ್ಟರೆ ಅಮೆರಿಕದ ಪಾಲಿಗಷ್ಟೇ ಅಲ್ಲ, ಒಟ್ಟು ಗಳಿಕೆಗೇ 24% ತನಕ ಹಿಡಿಯಬಹುದು. ಸುಮ್ನೆ ಸೋಮಾರಿತನ ಮಾಡಬೇಡಿ.

ಶಾರ್ಟ್ಸ್, ಅಂದರೆ ಯೂಟ್ಯೂಬಿನ ಪುಟ್ಟ ವಿಡಿಯೋಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2023ರ ಫೆಬ್ರವರಿಯಿಂದ ಅದಕ್ಕೂ ಪಾಲು ಕೊಡುತ್ತಾರೆ, 45%. ನನ್ನದೊಂದು ಶಾರ್ಟ್ಸ್ 11 ಲಕ್ಷ ಸಲ ಓಡಿತು. ಬಂದದ್ದು ಸಾವಿರದ ಇನ್ನೂರು ರೂಪಾಯಿ. ಊರಲ್ಲಿ ಮಾತ್ರ ನಾನು ಲಕ್ಷಾಧಿಪತಿ ಎಂದು ಸುದ್ದಿ ಹಬ್ಬಿ, ಇಬ್ಬರು ಸಾಲ ಕೇಳಿದರು.

ನಾನು ಕಲಿಯಲು ತಡವಾಗಿದ್ದು ಮಳೆಯ ಲೆಕ್ಕ. 2022ರಲ್ಲಿ ಮಳೆ ಹೇಗಿತ್ತು ಗೊತ್ತಲ್ವಾ? ನಮ್ಮ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಜಿಲ್ಲೆಯ ಜನವೆಲ್ಲ ನೋಡಲು ಹೋದರು, ನಾನೂ ಮಕ್ಕಳನ್ನು ಕರೆದುಕೊಂಡು ಹೋದೆ. ವಾಪಸ್ ಬಂದು ಫೋನ್ ತೆಗೆದರೆ ಚಾನೆಲ್ ಮಲಗಿದೆ. ಹೊಲದಲ್ಲಿ ನೀರಿದ್ದರೆ ಬೋರ್ ಯಾರು ಹಾಕ್ತಾರೆ, ಮೋಟಾರ್ ಯಾಕೆ ಸುಡುತ್ತೆ, ನನ್ನ ವಿಡಿಯೋ ಯಾಕೆ ಬೇಕು? ಆ ಅಕ್ಟೋಬರ್‌ನ ಗಳಿಕೆ 2,300 ರೂಪಾಯಿ. 100 ಡಾಲರ್ ಮುಟ್ಟದ ಕಾರಣ ಮೂರು ತಿಂಗಳು ಖಾತೆಗೆ ಏನೂ ಬರಲಿಲ್ಲ. ಮರುವರ್ಷ ಬರ. ಅಂತರ್ಜಲ ಇಳಿಯಿತು, ವೋಲ್ಟೇಜ್ ಬಿತ್ತು, ಮೋಟಾರ್‌ಗಳು ಒಂದರ ಹಿಂದೆ ಒಂದು ಸುಟ್ಟವು. 2024ರ ಏಪ್ರಿಲ್‌ನಲ್ಲಿ 19,000 ರೂಪಾಯಿ ಬಂತು. ಅದೇ ನನ್ನ ದಾಖಲೆ. ಅದನ್ನು ಯಾರ ಹತ್ತಿರವೂ ಖುಷಿಯಾಗಿ ಹೇಳಿಕೊಳ್ಳಲಿಲ್ಲ. ಆ ವೀಕ್ಷಣೆಗಳ ಹಿಂದೆ ತೆಂಗು ಒಣಗುತ್ತಿದ್ದ ತೋಟಗಳಿದ್ದವು. ನಮ್ಮಣ್ಣನದೂ ಒಂದು.

ಜಾಹೀರಾತುದಾರರ ಹಂಗಾಮು ಬೇರೆ. ದಸರಾ ದೀಪಾವಳಿಗೆ ರೇಟು ಏರುತ್ತದೆ, ಜನವರಿಯಲ್ಲಿ ಬೀಳುತ್ತದೆ. ಅವರ ಸುಗ್ಗಿಯಲ್ಲಿ ನನಗೆ ನೋಡುವವರಿಲ್ಲ, ನನ್ನ ಸುಗ್ಗಿಯಲ್ಲಿ ಅವರ ರೇಟಿಲ್ಲ. ಹೋದ ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ ಒಂಬತ್ತು ಸಾವಿರ ಚಿಲ್ಲರೆ. ಒಂದು ವಿಡಿಯೋಗೆ ಶೂಟಿಂಗ್, ಎಡಿಟಿಂಗ್ ಸೇರಿ ಎಂಟೊಂಬತ್ತು ಗಂಟೆ ಹಿಡಿಯುತ್ತದೆ, ಎಡಿಟಿಂಗ್ ಎಲ್ಲ ಫೋನಿನಲ್ಲೇ. ಕಾಲರ್ ಮೈಕ್, ಟ್ರೈಪಾಡ್ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ. ವಿಡಿಯೋ ಎಂಟು ನಿಮಿಷ ದಾಟಿದರೆ ಮಧ್ಯದಲ್ಲೂ ಜಾಹೀರಾತು ಹಾಕಬಹುದು. ಹಾಗೆಂದು ಐದು ನಿಮಿಷದ ಮಾತನ್ನು ಎಳೆದೆಳೆದು ಎಂಟು ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಕಾಮೆಂಟ್‌ನಲ್ಲಿ ಒಬ್ಬರು "ಅಣ್ಣಾ, ಸ್ಕ್ರೂ ಬಿಚ್ಚೋಕೆ ಎಷ್ಟೊತ್ತು" ಎಂದು ಬರೆದ ಮೇಲೆ ಬಿಟ್ಟೆ.

ಒಂದು ನಷ್ಟ ನನ್ನ ತಪ್ಪಿನಿಂದಲೇ ಆಯಿತು. ಅಂಗಡಿಯ ಪಕ್ಕದ ಟೀ ಅಂಗಡಿಯಲ್ಲಿ ಎಫ್ಎಂ ಹಾಡುತ್ತಿತ್ತು. ನಾನು ಗಮನಿಸದೆ ಶೂಟ್ ಮಾಡಿದೆ. ಒಂದು ಸಂಗೀತ ಕಂಪನಿಯ ಹಕ್ಕಿನ ಹಾಡು ಹಿಂದೆ ಕೇಳಿಸಿತು ಎಂದು ಆ ವಿಡಿಯೋದ ಗಳಿಕೆ ಅವರಿಗೆ ಹೋಯಿತು. ಅದೇ ನನ್ನ ಅತಿ ಹೆಚ್ಚು ಓಡಿದ ವಿಡಿಯೋ. ಈಗ ಶೂಟಿಂಗ್‌ಗೆ ಮುಂಚೆ ಟೀ ಅಂಗಡಿಯವನಿಗೆ ಹೇಳಿ ಅರ್ಧ ಗಂಟೆ ರೇಡಿಯೋ ನಿಲ್ಲಿಸುತ್ತೇನೆ. ಬದಲಿಗೆ ಎರಡು ಟೀ ಕೊಳ್ಳಬೇಕು.

ಪ್ರಾಯೋಜಕರೂ ಬಂದರು. ಒಂದು ಸ್ಟಾರ್ಟರ್ ಕಂಪನಿ ಹತ್ತು ಸಾವಿರಕ್ಕೆ ಒಪ್ಪಿ, ವಿಡಿಯೋ ಹಾಕಿಸಿಕೊಂಡು, ನಾಲ್ಕು ತಿಂಗಳು ಸತಾಯಿಸಿ ಅರ್ಧ ಕೊಟ್ಟಿತು. ಈಗ ಅರ್ಧ ಮುಂಗಡ ಇಲ್ಲದೆ ಕ್ಯಾಮೆರಾ ಆನ್ ಮಾಡುವುದಿಲ್ಲ. ಹಣ ಪಡೆದ ವಿಡಿಯೋಗೆ ಪೇಯ್ಡ್ ಪ್ರಮೋಷನ್ ಎಂದು ಟಿಕ್ ಹಾಕಲೇಬೇಕು, ಹಾಕುತ್ತೇನೆ. ಇಲ್ಲದಿದ್ದರೆ ನಾಳೆ ಅದೇ ಸ್ಟಾರ್ಟರ್ ಹಿಡಿದುಕೊಂಡು ಗಿರಾಕಿ ನನ್ನ ಬಾಗಿಲಿಗೇ ಬರುತ್ತಾನೆ.

ಹಾಗಾದರೆ 3.5 ಯಾಕೆ ಕೊಟ್ಟೆ? ಜಾಹೀರಾತಿನ ಹಣಕ್ಕೆ ಮಾತ್ರ ಕೊಡುವುದಾದರೆ 2. ಮಿಕ್ಕ ಒಂದೂವರೆ ಗಿರಾಕಿಗಳಿಗೆ. ಬೀದರಿನಲ್ಲಿ ಕೂತು ಒಬ್ಬರು ನನ್ನ ವಿಡಿಯೋ ನೋಡಿದರೆ ನನಗೆ ಮೂರು ಪೈಸೆ. ಇಲ್ಲೇ ಹತ್ತಿರದ ಚಳ್ಳಕೆರೆಯವರು ನೋಡಿದರೆ ಅಂಗಡಿಗೆ ಒಂದು ಸುಟ್ಟ ಮೋಟಾರ್. ಬೋರ್ ಒಳಗೆ ಇಳಿಸುವ ಒಂದು ಸಬ್‌ಮರ್ಸಿಬಲ್ ಮೋಟಾರ್ ವೈಂಡಿಂಗ್ ಮಾಡಿದರೆ ತಂತಿ, ಕೂಲಿ ಕಳೆದು ನನಗೆ ಒಂದೂವರೆಯಿಂದ ಎರಡು ಸಾವಿರ ಉಳಿಯುತ್ತದೆ. ಅದನ್ನು ಜಾಹೀರಾತಿನಲ್ಲಿ ಗಳಿಸಲು 60,000 ವೀಕ್ಷಣೆ ಬೇಕು! ಬೇಸಿಗೆಯಲ್ಲಿ ವಾರಕ್ಕೆ ನಾಲ್ಕೈದು ಮೋಟಾರ್ "ನಿಮ್ಮ ವಿಡಿಯೋ ನೋಡಿ ಬಂದ್ವಿ" ಎಂದು ಬರುತ್ತವೆ. ಅದಕ್ಕೇ ಈಗ ಪ್ರತಿ ವಿಡಿಯೋದ ಮೊದಲ ನಿಮಿಷದಲ್ಲೇ ಅಂಗಡಿ ಎಲ್ಲಿದೆ ಎಂದು ಹೇಳುತ್ತೇನೆ. ಚಾನೆಲ್ ಬೆಳೆಸುವುದು ಹೇಗೆಂದು ಪಾಠ ಹೇಳುವವರು ಇದನ್ನು ಮಾಡಬೇಡಿ ಅನ್ನುತ್ತಾರೆ, ಜನ ಓಡಿಹೋಗ್ತಾರಂತೆ. ಬೀದರಿನವರು ಓಡಿಹೋದರೆ ಮೂರು ಪೈಸೆ ತಾನೇ.

ತೆರಿಗೆಗೆ ಈ ಗಳಿಕೆಯನ್ನೂ ಅಂಗಡಿಯ ಲೆಕ್ಕದ ಜೊತೆ ಸೇರಿಸಿಯೇ ತೋರಿಸುತ್ತೇನೆ. ಹೆಂಡತಿಯ ಚಾನೆಲ್ ಈಗ ನಿಂತಂತೆಯೇ ಇದೆ, ಅತ್ತೆಗೆ ಹುಷಾರಿಲ್ಲ. ಆರು ತಿಂಗಳು ಏನೂ ಹಾಕದಿದ್ದರೆ ಗಳಿಕೆಯ ಅವಕಾಶ ಕಿತ್ತುಕೊಳ್ಳಬಹುದು ಎಂಬ ನಿಯಮ ಇರುವುದರಿಂದ, ಐದನೇ ತಿಂಗಳಲ್ಲಿ ಹುರುಳಿಕಾಳಿನ ಬಸ್ಸಾರು ಮಾಡಿ ಹಾಕಿದಳು. ಕ್ಯಾಮೆರಾ ಹಿಡಿದವನು ನಾನು. ರೇಡಿಯೋ ಎಲ್ಲೂ ಇರಲಿಲ್ಲ, ಕುಕ್ಕರ್ ಮಾತ್ರ ಮೂರು ಸಲ ಕೂಗಿತು.