ನೇರಳೆ ವೈನಿಗೆ ಕೆಎಂಎಸ್ಸೋ, ಸಾರ್ಬೇಟೋ, ಏನೂ ಬೇಡವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಎಂಎಸ್‌ಗೆ. ಮನೆಯಲ್ಲಿ ಸ್ಕ್ವಾಷ್ ಮಾಡುವವರು ಕೆಡದಿರಲಿ ಎಂದು ಚಿಟಿಕೆ ಹಾಕುವ ಅದೇ ಬಿಳಿ ಪುಡಿ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಐದು ಲೀಟರ್ ವೈನನ್ನು ಬಾಳೆ ಬುಡಕ್ಕೆ ಸುರಿದ ಮೇಲೆ ಬಂದ ಬುದ್ಧಿ ಇದು.

ಹೋದ ವರ್ಷ ತೀರ್ಥಹಳ್ಳಿ ಕಡೆಯ ನಮ್ಮ ತೋಟದಂಚಿನ ನೇರಳೆ ಮರ ಮೈತುಂಬ ಬಿಟ್ಟಿತ್ತು. ಮಳೆ ಹಿಡಿಯುವ ಮೊದಲೇ ಆಯ್ದು, ಹಿಸುಕಿ, ಯೀಸ್ಟ್ ಹಾಕಿಟ್ಟೆ. ಜುಲೈಗೆ ಗುಳ್ಳೆ ನಿಂತಿತು. ಮಡ್ಡಿ ಬಿಟ್ಟು ತಿಳಿ ಇಳಿಸಿ ಹದಿನೈದು ಲೀಟರನ್ನು ಮೂರು ಗಾಜಿನ ಜಾಡಿಗೆ ಹಂಚಿದೆ. ಒಂದಕ್ಕೆ ಏನೂ ಹಾಕಲಿಲ್ಲ, ಒಂದಕ್ಕೆ ಯೀಸ್ಟ್ ಬೆಳೆಯದಂತೆ ತಡೆಯುವ ಪೊಟ್ಯಾಸಿಯಂ ಸಾರ್ಬೇಟ್, ಇನ್ನೊಂದಕ್ಕೆ ಕೆಎಂಎಸ್.

ಏನೂ ಹಾಕದ್ದು ಕೆಟ್ಟಿತು ಎನ್ನಲಾರೆ. ಆಗಸ್ಟಿನಲ್ಲಿ ಮತ್ತೆ ಸಣ್ಣ ಗುಳ್ಳೆ ಎದ್ದವು. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹಣ್ಣಿನ ಮ್ಯಾಲಿಕ್ ಆಮ್ಲವನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುವಾಗ ಬಿಡುವ ಗಾಳಿ ಅದು. ಹುಳಿ ಇಳಿಯಿತು, ತುಸು ಬೆಣ್ಣೆಯ ವಾಸನೆ ಬಂತು. ಕೆಂಪು ದ್ರಾಕ್ಷಿ ವೈನಿನವರು ಬೇಕೆಂದೇ ಮಾಡಿಸುತ್ತಾರೆ. ನನಗೆ ನೇರಳೆಯಲ್ಲಿ ಹುಳಿ, ಒಗರು ಎರಡೂ ಬೇಕು. ಮೇಲಾಗಿ ಯಾವ ಬ್ಯಾಕ್ಟೀರಿಯಾ ಬಂದು ಕೂರುತ್ತದೋ ನಮ್ಮ ಕೈಯಲ್ಲಿಲ್ಲ. ಈನೋಕಾಕಸ್ ಬಂದರೆ ಅದೃಷ್ಟ, ಪೀಡಿಯೋಕಾಕಸ್ ಬಂದರೆ ವೈನು ಲೋಳೆ ಲೋಳೆ.

ಇನ್ನು ಸಾರ್ಬೇಟಿನ ಕಥೆ. ನೆಂಟರಿಗೆ ಸಿಹಿ ಇರಲಿ ಎಂದು ಆ ಜಾಡಿಗೆ ಸಕ್ಕರೆ ಬೆರೆಸಿದ್ದೆ. ಮತ್ತೆ ಹುದುಗದಿರಲು ಇದೊಂದೇ ಸಾಕು ಎಂದ ಅಂಗಡಿಯವನ ಮಾತು ನಂಬಿ ಲೀಟರಿಗೆ ಕಾಲು ಗ್ರಾಮಿನಂತೆ ಸಾರ್ಬೇಟ್ ಹಾಕಿದೆ. ಹುದುಗಲಿಲ್ಲ, ನಿಜ. ದಸರೆಗೆ ಮುಚ್ಚಳ ತೆಗೆದಾಗ ಅತ್ತಿಗೆ ಮೂಗು ಹಿಂದೆಳೆದುಕೊಂಡರು. "ಜಿರೇನಿಯಂ ಎಲೆ ಹಾಕಿದ್ಯಾ ಮಾರಾಯ ಇದಕ್ಕೆ?"

ಸರಿಯಾಗಿಯೇ ಹೇಳಿದ್ದರು. ಅಂಗಳದ ಕುಂಡದಿಂದ ಒಂದೆಲೆ ಕಿತ್ತು ಉಜ್ಜಿ ನೋಡಿದೆ, ಅದೇ ವಾಸನೆ. ಸಾರ್ಬೇಟ್ ತಡೆಯುವುದು ಯೀಸ್ಟ್ ಬೆಳೆಯುವುದನ್ನು. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಕ್ಕೆ ಅದರ ಲೆಕ್ಕವೇ ಇಲ್ಲ. ಅವು ಸಾರ್ಬಿಕ್ ಆಮ್ಲವನ್ನೇ ಹಿಡಿದು ಬೇರೊಂದು ಆಲ್ಕೋಹಾಲ್ ಮಾಡುತ್ತವೆ. ಅದು ವೈನಿನ ಹುಳಿಯಲ್ಲಿ ರೂಪ ಬದಲಿಸಿ ಎಥನಾಲ್ ಜೊತೆ ಸೇರಿದಾಗ ಹುಟ್ಟುವುದು ಈ ಎಲೆ ವಾಸನೆ. ಜಾಡಿ ತೆರೆದಿಟ್ಟೆ, ಸೋಸಿದೆ, ಒಳ್ಳೆಯದರ ಜೊತೆ ಒಂದು ಲೋಟ ಬೆರೆಸಿ ನೋಡಿದೆ, ಅದೂ ಕೆಟ್ಟಿತು. ಒಮ್ಮೆ ಬಂದರೆ ಹೋಗುವ ವಾಸನೆಯಲ್ಲ. ಸಾರ್ಬೇಟ್ ಹಾಕುವುದಾದರೆ ಜೊತೆಗೆ ಕೆಎಂಎಸ್ ಇರಲೇಬೇಕು ಎಂಬ ಒಂದು ಸಾಲನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೆ ನನ್ನ ಐದು ಲೀಟರ್ ಉಳಿಯುತ್ತಿತ್ತು.

ಕೆಎಂಎಸ್ ತೂಕದಲ್ಲಿ ಸುಮಾರು 57 ಶೇಕಡ ಗಂಧಕದ ಡೈ ಆಕ್ಸೈಡ್ ಆಗುತ್ತದೆ. ಅದು ಲೀಟರಿಗೆ 50 ಮಿಲಿಗ್ರಾಂ ಬರಲು ಐದು ಲೀಟರಿಗೆ 0.44 ಗ್ರಾಂ ಪುಡಿ ಸಾಕು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಬೇಕು, ಚಮಚದ ಅಂದಾಜು ನಡೆಯದು. ಈ ಡೈ ಆಕ್ಸೈಡಿನಲ್ಲಿ ಬ್ಯಾಕ್ಟೀರಿಯಾವನ್ನು ಮುಖ್ಯವಾಗಿ ಕೊಲ್ಲುವುದು ಯಾವುದಕ್ಕೂ ಅಂಟದೆ ಅಣುರೂಪದಲ್ಲೇ ಉಳಿದ ಪಾಲು. ಅದು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.2ರಲ್ಲಿ ಬಿಡಿಯಾಗಿರುವ ಡೈ ಆಕ್ಸೈಡಿನ ಸುಮಾರು 4 ಶೇಕಡ, 3.8ರಲ್ಲಿ 1 ಶೇಕಡ. ಅದೇ ಪುಡಿ, ಕಾಲು ಭಾಗ ಕೆಲಸ. ಹಾಗಾಗಿ ಪಿಎಚ್ ಪಟ್ಟಿ ಅದ್ದದೆ ಪುಡಿ ತೂಗುವುದಿಲ್ಲ. ಹುಳಿ ಇಳಿಯಲಿ ಎನ್ನುವವರು ಬ್ಯಾಕ್ಟೀರಿಯಾ ತನ್ನ ಕೆಲಸ ಮುಗಿಸಿದ ಮೇಲೆ ಹಾಕಿದರಾಯಿತು. ಮೊದಲೇ ಕೈತುಂಬ ಸುರಿದರೆ ಕಷ್ಟ, ಹುದುಗುವಾಗ ಹುಟ್ಟುವ ಅಸೆಟಾಲ್ಡಿಹೈಡಿಗೆ ಅಂಟಿಕೊಂಡ ಪಾಲು ಕೂಡ ಬ್ಯಾಕ್ಟೀರಿಯಾವನ್ನು ಕಾಡುತ್ತದೆ.

ಒಂದೇ ತಕರಾರು, ನಮ್ಮ ಮಳೆ. ಆಗುಂಬೆ ಕಡೆಯ ಗಾಳಿಗೆ ಪುಡಿ ಗಂಟುಕಟ್ಟಿ ಶಕ್ತಿ ಕಳೆದುಕೊಳ್ಳುತ್ತದೆ. ನೂರು ಗ್ರಾಂ ತಂದರೆ ಲೆಕ್ಕಕ್ಕೆ ಇನ್ನೂರಕ್ಕೂ ಹೆಚ್ಚು ಜಾಡಿಗೆ ಆಗಬೇಕು, ನನಗೆ ಒಂದು ಮಳೆಗಾಲ ದಾಟಲಿಲ್ಲ. ಉಬ್ಬಸದವರಿಗೆ ಸಲ್ಫೈಟ್ ಆಗಿಬರದಿರಬಹುದು, ಕೇಳಿಯೇ ಕೊಡಿ.

ನಾನು ಸಿಹಿ ಕುಡಿಯುವವನಲ್ಲ, ವರ್ಷಕ್ಕೆ ಮೂರು ಜಾಡಿ ದಾಟುವವನೂ ಅಲ್ಲ. ಕೆಎಂಎಸ್ ಒಂದೇ ನನಗೆ ಸಾಕು. ಉಳಿದ ಸಾರ್ಬೇಟನ್ನು ಸಿಹಿ ಬೇಕೆನ್ನುವ ಅತ್ತಿಗೆಗೇ ಕೊಟ್ಟೆ, ಜೊತೆಗೆ ಒಂದು ಪೊಟ್ಟಣ ಕೆಎಂಎಸ್ ಕಟ್ಟಿ.