ಸಿಲ್ವರಾಡೋಗೆ ಎಲ್‌ಎಸ್‌ಎ ಇಂಜಿನ್: ಕೂರಿಸೋದು ಸಲೀಸು, ತಣ್ಣಗಿಡೋದೇ ಕೆಲಸ

1999ರಿಂದ 2006ರವರೆಗಿನ ಶೆವರ್ಲೆ ಸಿಲ್ವರಾಡೋ 1500 ಅಮೆರಿಕದಲ್ಲಿ ಬೀದಿಗೊಂದು ಸಿಗುತ್ತೆ. ಅದರ 5.3 ಲೀಟರ್ ವಿ8 ಇಳಿಸಿ, ಕಂಪನಿಯಿಂದಲೇ ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಯಂತ್ರ) ಹೊತ್ತು ಬಂದ ಎಲ್‌ಎಸ್‌ಎ ಇಂಜಿನ್ ಏರಿಸೋಕೆ ಮನೆ ಗ್ಯಾರೇಜು, ಎರಡು ಟನ್ನಿನ ಹಾಯ್ಸ್ಟು, ಜೊತೆಗೆ ತಾಳ್ಮೆಯಿರುವ ಒಬ್ಬ ಗೆಳೆಯ ಸಾಕು. ಇಲ್ಲಿ ಹೇಳುವುದೆಲ್ಲ ಎರಡು ಚಕ್ರದ ಡ್ರೈವ್ ಇರುವ ಗಾಡಿಗೆ.

ಎಲ್‌ಎಸ್‌ಎ ಅಂದರೆ 2009–15ರ ಕ್ಯಾಡಿಲಾಕ್ ಸಿಟಿಎಸ್-ವಿ ಕಾರಿನ 6.2 ಲೀಟರ್ ಇಂಜಿನ್. 556 ಎಚ್‌ಪಿ, ಸುಮಾರು 747 ನ್ಯೂಟನ್ ಮೀಟರ್ ಟಾರ್ಕ್. ಇದನ್ನೇ ಕಮಾರೋ ಜಡ್‌ಎಲ್1ರಲ್ಲಿ 580 ಎಚ್‌ಪಿಗೆ ಏರಿಸಿದ್ದರು. ಮೇಲೆ ಕೂತಿರುವುದು 1.9 ಲೀಟರಿನ ಈಟನ್ ಟಿವಿಎಸ್ ಸೂಪರ್‌ಚಾರ್ಜರ್. ಕಂಪ್ರೆಷನ್ 9.1, ಪಿಸ್ಟನ್ನಿಗೆ ಕೆಳಗಿಂದ ಆಯಿಲ್ ಚಿಮ್ಮುವ ಜೆಟ್‌ಗಳಿವೆ. ಪಿಸ್ಟನ್ ಮಾತ್ರ ಎರಕದ್ದು, ಫೋರ್ಜ್ ಆದದ್ದಲ್ಲ. ಹಾಗಾಗಿ ಪುಲ್ಲಿ ಚಿಕ್ಕದು ಮಾಡಿ ಬೂಸ್ಟ್ (ಒತ್ತಿ ತುಂಬುವ ಗಾಳಿಯ ಒತ್ತಡ) ಏರಿಸುವ ಆಸೆಗೆ ಒಂದು ಮಿತಿ ಇರಲಿ. ಇದೇ ಬಳಗದ ಎಲ್‌ಎಸ್9 ಇಂಜಿನ್ ಸಿಕ್ಕರೆ ಅದೇ ಹಾಕೋಣ ಅನ್ನುವವರು ಅದರ ಡ್ರೈ ಸಂಪ್ ಟ್ಯಾಂಕನ್ನು (ಇಂಜಿನ್ನಿನ ಹೊರಗೆ ಬೇರೆಯಾಗಿ ಕೂರುವ ಆಯಿಲ್ ಟ್ಯಾಂಕು) ಎಲ್ಲಿಡ್ತೀರಿ ಅಂತ ಮೊದಲು ಯೋಚಿಸಿ. ಎಲ್‌ಎಸ್‌ಎಗೆ ಆ ತಲೆನೋವಿಲ್ಲ.

ಬ್ಲಾಕಿನ ಮೌಂಟ್ ಬೋಲ್ಟಿನ ಜಾಗ ಹಳೇ ಇಂಜಿನ್ನಿನದೇ, ಗೇರ್‌ಬಾಕ್ಸ್ ಕೂರುವ ಮುಖವೂ ಅದೇ. ಟ್ರಕ್ಕಿನ ಮೌಂಟೇ ಸಾಕು. ಕಾರಿನ ಆಯಿಲ್ ಪ್ಯಾನ್ ಬಿಚ್ಚಿಟ್ಟು ಟ್ರಕ್ಕಿನ ಪ್ಯಾನು, ಅದರದೇ ಪಿಕಪ್ ಪೈಪು, ಡಿಪ್‌ಸ್ಟಿಕ್ ಮೂರನ್ನೂ ಸೆಟ್ಟಾಗಿ ಹಾಕಿ. ಒಂದನ್ನು ಮಾತ್ರ ಬದಲಿಸಿದರೆ ಅಳತೆ ತಪ್ಪುತ್ತೆ. ಪಿಕಪ್ ಪೈಪಿನ ಓ-ರಿಂಗ್ ಹೊಸದೇ ಇರಬೇಕು. ಹಳೆಯದು ಗಟ್ಟಿಯಾಗಿದ್ದರೆ ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತೆ, ಬೇರಿಂಗ್ ಹೋಗುತ್ತೆ.

ಮೊದಲ ಮುಗ್ಗರಿಕೆ ಕ್ರ್ಯಾಂಕಿನ ಹಿಂಬದಿಯಲ್ಲಿ. ಇಂಜಿನ್ನನ್ನು ಗೇರ್‌ಬಾಕ್ಸಿನ ಕನ್ವರ್ಟರಿಗೆ ಸೇರಿಸುವ ತಟ್ಟೆಯೇ ಫ್ಲೆಕ್ಸ್‌ಪ್ಲೇಟು. ಟ್ರಕ್ಕಿನ ಫ್ಲೆಕ್ಸ್‌ಪ್ಲೇಟಿಗೆ 6 ಬೋಲ್ಟ್, ಎಲ್‌ಎಸ್‌ಎ ಕ್ರ್ಯಾಂಕಿಗೆ 8. ಹಳೆಯದು ಕೂರೋದೇ ಇಲ್ಲ. 8 ಬೋಲ್ಟಿನದು ತಂದು, ಬೋಲ್ಟುಗಳನ್ನು ಅಡ್ಡಡ್ಡ ಸರದಿಯಲ್ಲಿ 20, 50, 100 ನ್ಯೂಟನ್ ಮೀಟರ್ ಅಂತ ಮೂರು ಸುತ್ತಿನಲ್ಲಿ ಬಿಗಿಯಬೇಕು. ಗಾಡಿಯ ಮೂಲ ಗೇರ್‌ಬಾಕ್ಸ್ ಆದ 4ಎಲ್60ಇ ಈ ಟಾರ್ಕಿಗೆ ಹುಟ್ಟಿದ್ದಲ್ಲ, ಅದನ್ನು ಉಳಿಸಿಕೊಳ್ಳೋಕೆ ಹೋಗಬೇಡಿ. ದೊಡ್ಡ ಟ್ರಕ್ಕುಗಳ 4ಎಲ್80ಇ ತನ್ನಿ. ಅದು ಉದ್ದ, ಆದ್ದರಿಂದ ಕ್ರಾಸ್‌ಮೆಂಬರ್ ಹಿಂದಕ್ಕೆ ಹೋಗುತ್ತೆ, ಡ್ರೈವ್‌ಶಾಫ್ಟ್ ಕತ್ತರಿಸಬೇಕಾಗುತ್ತೆ. ಅದರ ಔಟ್‌ಪುಟ್ ಶಾಫ್ಟಿಗೆ 32 ಸ್ಪ್ಲೈನ್ (ಹಲ್ಲಿನ ಗೀರು), ಹಳೆಯದರದು 27, ಹಾಗಾಗಿ ಡ್ರೈವ್‌ಶಾಫ್ಟನ್ನು ಅದಕ್ಕೆ ಸೇರಿಸುವ ಯೋಕ್ ಕೂಡ ಹೊಸದು. ಡ್ರೈವ್‌ಶಾಫ್ಟಿನ ಅಳತೆ ತೆಗೆಯುವಾಗ ಗಾಡಿಯ ಭಾರ ಚಕ್ರದ ಮೇಲಿರಲಿ. ಜಾಕಿನಲ್ಲಿ ನೇತಾಡುವಾಗ ತೆಗೆದ ಅಳತೆ ಸುಳ್ಳು.

ಹಳೇ ಸ್ಮಾಲ್‌ಬ್ಲಾಕಿಗೆ (ಎಲ್‌ಎಸ್ ಬಳಗಕ್ಕಿಂತ ಮುಂಚಿನ ಶೆವರ್ಲೆ ವಿ8) ಮಾಡಿದ ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ನಿನ ತಿರುಗುವ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ, ಕೈಗೆ ಸಿಕ್ಕಿದ್ದರೆ ಇನ್ನೊಂದು ತೊಡಕು. ಎಲ್‌ಎಸ್ ಕ್ರ್ಯಾಂಕಿನ ಹಿಂಬದಿ ಆ ಹಳೆಯದಕ್ಕಿಂತ 0.400 ಇಂಚು, ಅಂದರೆ ಸುಮಾರು 10 ಮಿಲಿಮೀಟರ್ ಒಳಗಿದೆ. ಕನ್ವರ್ಟರಿನ ಮೂತಿ ಕ್ರ್ಯಾಂಕಿನ ತೂತಿಗೆ ತಲುಪದೆ ಅಂತರದಲ್ಲಿ ತಿರುಗಿದರೆ ಮೊದಲು ಗೇರ್‌ಬಾಕ್ಸ್ ಪಂಪಿನ ಸೀಲು, ಆಮೇಲೆ ಪಂಪೇ ಹಾಳು. ಸ್ಪೇಸರ್ ಬೇಕೋ ಬೇಡವೋ ಅಂತ ಗೇರ್‌ಬಾಕ್ಸ್ ಜೋಡಿಸುವ ಮುಂಚೆಯೇ ನೋಡಿಕೊಳ್ಳಿ. ಬೆಲ್‌ಹೌಸಿಂಗ್ ಬಿಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿನತ್ತ 3ರಿಂದ 5 ಮಿಲಿಮೀಟರ್ ಜರುಗಬೇಕು. ಜರುಗದಿದ್ದರೆ ಪಂಪಿನ ಹಲ್ಲಿಗೆ ಪೂರ್ತಿ ಸೇರಿಲ್ಲ ಅಂತ ಅರ್ಥ. ಬೋಲ್ಟ್ ಬಿಗಿದೇ ಎಳೆದುಕೊಳ್ತೀನಿ ಅಂದರೆ ಪಂಪು ಒಡೆಯುತ್ತೆ.

ವೈರಿಂಗಿನಲ್ಲಿ ಎರಡು ದಾರಿ. ಕಾರಿನ ಇ67 ಕಂಪ್ಯೂಟರ್ ಇಟ್ಟುಕೊಂಡರೆ ಇಂಜಿನ್ ಖುಷಿ. ಆದರೆ ಅದು ಮಾತಾಡುವ ಭಾಷೆ ಬೇರೆ, ಸಿಲ್ವರಾಡೋ ಡ್ಯಾಶ್‌ಬೋರ್ಡಿನ ಭಾಷೆ ಬೇರೆ. ಮೀಟರುಗಳು ಸುಮ್ಮನಾಗುತ್ತವೆ, 4ಎಲ್80ಇಗೆ ಬೇರೆಯೇ ಕಂಟ್ರೋಲರ್ ಬೇಕಾಗುತ್ತೆ. ಈ ಗಾಡಿಗೆ ಟ್ರಕ್ಕಿನ ಮೂಲ ಕಂಪ್ಯೂಟರನ್ನೇ ಉಳಿಸಿಕೊಳ್ಳೋದು ಜಾಣತನ. ಅದಕ್ಕೆ ಕ್ರ್ಯಾಂಕ್ ಸೆನ್ಸರಿನ 24ಎಕ್ಸ್ ಸಿಗ್ನಲ್ (ಸುತ್ತಿಗೆ 24 ಮಿಡಿತ) ಬೇಕು, ಎಲ್‌ಎಸ್‌ಎ ಕೊಡೋದು 58ಎಕ್ಸ್. ಲಿಂಗೆನ್‌ಫೆಲ್ಟರ್ ಕಂಪನಿಯ ಟಿಆರ್‌ಜಿ-002 ಡಬ್ಬಿ ಇದನ್ನು ಬದಲಿಸಿಕೊಡುತ್ತೆ, ಕ್ಯಾಮ್ ಸಿಗ್ನಲನ್ನೂ. ಕ್ಯಾಮ್ ಸೆನ್ಸರ್ ಈಗ ಇಂಜಿನ್ನಿನ ಹಿಂದಿಲ್ಲ, ಮುಂದಿನ ಟೈಮಿಂಗ್ ಕವರಿನಲ್ಲಿದೆ, ವೈರು ಅಲ್ಲಿಯವರೆಗೆ ಎಳೆಯಬೇಕು. ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ 1 ಬಾರ್‌ನ ಮ್ಯಾಪ್ ಸೆನ್ಸರಿಗೆ ಬೂಸ್ಟ್ ಕಾಣೋದೇ ಇಲ್ಲ. ಕನಿಷ್ಠ 2 ಬಾರ್‌ನದು ಹಾಕಿ, ಬೂಸ್ಟ್ ಓದುವ ಸಾಫ್ಟ್‌ವೇರ್ ತುಂಬಿಸಿ ಟ್ಯೂನ್ ಮಾಡಿಸಿ. ಆ ಟ್ಯೂನ್ ಇಲ್ಲದೆ ಶೆಡ್ಡಿನಿಂದ ಆಚೆ ಓಡಿಸಬೇಡಿ.

ಪೆಟ್ರೋಲಿನ ವಿಷಯ ಚಿಕ್ಕದು. ಟ್ಯಾಂಕಿನ ಮೂಲ ಪಂಪು ಸಾಲದು. ಗಂಟೆಗೆ 450 ಲೀಟರಿನದನ್ನು ಹಾಕುವವರು ಜಾಸ್ತಿ, ಆದರೆ ಅದರ ಜೊತೆ ಅಗ್ಗಕ್ಕೆ ಸಿಗುವ ಕಾರ್ವೆಟ್ ಸಿ5 ಫಿಲ್ಟರ್-ರೆಗ್ಯುಲೇಟರ್ ಜೋಡಿಸಬೇಡಿ. ಅಷ್ಟು ಹರಿವನ್ನು ಅದು ವಾಪಸ್ ಕಳಿಸಲಾರದು, ಐಡಲಿನಲ್ಲೇ ಒತ್ತಡ 58 ಪಿಎಸ್‌ಐ ದಾಟಿ ಕೂರುತ್ತೆ. ದೊಡ್ಡ ರೆಗ್ಯುಲೇಟರು, ಪಂಪಿಗೆ ಪ್ರತ್ಯೇಕ ರಿಲೇ, 10 ಗೇಜ್ ವೈರು. ಹಳೇ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು, ಪೂರ್ತಿ ಎಕ್ಸಲರೇಟರ್ ಒತ್ತಿದ ಹೊತ್ತಲ್ಲೇ ಮಿಶ್ರಣ ಲೀನ್ ಆಗುತ್ತೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲು ಸಿಗಲ್ಲ.

ಬೇಸರದಿಂದ ಅವಸರ ಮಾಡುವ ಜಾಗ ಇಂಟರ್‌ಕೂಲರ್, ಅಂದರೆ ಸೂಪರ್‌ಚಾರ್ಜರ್ ಒತ್ತಿ ಬಿಸಿ ಮಾಡಿದ ಗಾಳಿಯನ್ನು ತಣ್ಣಗಾಗಿಸುವ ಭಾಗ. ಸೂಪರ್‌ಚಾರ್ಜರಿನ ಮುಚ್ಚಳದೊಳಗೇ ನೀರು ಹರಿಯುವ, ಇಟ್ಟಿಗೆಯಂಥ ಕೋರ್ ಇದೆ. ಈ ನೀರು ರೇಡಿಯೇಟರಿನ ನೀರಲ್ಲ. ಅದಕ್ಕೆ ತನ್ನದೇ ಪಂಪು, ಟ್ಯಾಂಕು, ಎಸಿ ಕಂಡೆನ್ಸರಿನ ಮುಂದೆ ಕೂರುವ ಹೀಟ್ ಎಕ್ಸ್‌ಚೇಂಜರ್. ಮುಚ್ಚಳ ಕೂರಿಸುವ ಮುಂಚೆ ಕೋರಿಗೆ 15–20 ಪಿಎಸ್‌ಐ ಗಾಳಿ ತುಂಬಿ ಅರ್ಧ ಗಂಟೆ ಬಿಡಿ, ಮುಳ್ಳು ಇಳಿಯಬಾರದು. ಇಲ್ಲಿ ಸೋರಿದ ನೀರಿಗೆ ಇರುವ ದಾರಿ ಒಂದೇ, ಸಿಲಿಂಡರ್. ಪಂಪು ತಾನಾಗಿ ನೀರು ಎಳೆದುಕೊಳ್ಳಲ್ಲ, ಅದಕ್ಕೇ ಪಂಪು ತಳದಲ್ಲಿ, ಟ್ಯಾಂಕು ಎಲ್ಲಕ್ಕಿಂತ ಎತ್ತರದಲ್ಲಿ. ಗಾಡಿಯ ಮೂತಿ ಎತ್ತಿ, ಇಂಜಿನ್ ಆಫ್ ಇಟ್ಟು, ರಿಲೇಗೆ ಜಂಪರ್ ಕೊಟ್ಟು ಪಂಪು ಮಾತ್ರ 20 ನಿಮಿಷ ಓಡಿಸಿ. ಟ್ಯಾಂಕಿನ ಬಾಯಲ್ಲಿ ಮೊದಲು ಹಾಲು ಬಣ್ಣದ ನೊರೆ, ಆಮೇಲೆ ಆಗೊಂದು ಈಗೊಂದು ಗುಳ್ಳೆ, ಕೊನೆಗೆ ನೀರು ಒಂದೇ ಸಮನೆ ಸುತ್ತುತ್ತೆ. ಹೋಸ್ ಹಿಂಡಿದಾಗ ಗುಳುಗುಳು ಅಂದರೆ ಇನ್ನೂ ಗಾಳಿ ಇದೆ. ಉಳಿದ ಗಾಳಿಯಿಂದ ಕೋರ್ ಬಿಸಿಯಾದರೆ ಒಳಹೋಗುವ ಗಾಳಿ ಕಾದು, ಕಂಪ್ಯೂಟರ್ ಸ್ಪಾರ್ಕ್ ಹಿಂದೆಳೆಯುತ್ತೆ. ಮೂರನೇ ಎಳೆತಕ್ಕೆ ಗಾಡಿ ಸೋತ ಎತ್ತಿನ ಹಾಗೆ ಆಗೋದಕ್ಕೆ ಬಹುತೇಕ ಇದೇ ಕಾರಣ.

ಎಲ್‌ಎಸ್‌ಎ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಐಡಲಿನಲ್ಲಿ ಸೂಪರ್‌ಚಾರ್ಜರಿನ ಮುಂದಿನ ಮೂತಿಯಿಂದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬಂದರೆ ಗಾಬರಿ ಬೇಡ, ಬೆಲೆ ಇಳಿಸಿ ಕೇಳಿ. ಒಳಗಿನ ಸ್ಪ್ರಿಂಗ್ ಕಪ್ಲರ್ ಸವೆದಿರುತ್ತೆ, ಸ್ಪ್ರಿಂಗ್ ಇಲ್ಲದ ಘನ ಕಪ್ಲರ್ ಹಾಕಿದರೆ ಸದ್ದು ಹೋಗುತ್ತೆ. ರೋಟರ್ ಕೈಯಲ್ಲಿ ತಿರುಗಿಸಿದಾಗ ಕೆರೆದ ಗುರುತು ಕಂಡರೆ ಮಾತ್ರ ಬಿಟ್ಟುಬಿಡಿ. ಬೆಲ್ಟಿನ ಕಡೆ ಟ್ರಕ್ಕಿನ ಮತ್ತು ಕಾರಿನ ಪುಲ್ಲಿ, ಬ್ರ್ಯಾಕೆಟ್ ಬೆರೆಸಬೇಡಿ. ಟ್ರಕ್ಕಿನ ಬೆಲ್ಟಿನ ಸಾಲು ಕಮಾರೋಗಿಂತ ಮುಕ್ಕಾಲು ಇಂಚು ಮುಂದಿದೆ. ಬೆರೆಸಿದರೆ ಬೆಲ್ಟು ಜಿಗಿಯುತ್ತೆ.

ಕ್ಯಾಲಿಫೋರ್ನಿಯಾದಲ್ಲಿದ್ದರೆ ರೆಫರಿ ಪರೀಕ್ಷೆ (ಇಂಜಿನ್ ಬದಲಿಸಿದ ಗಾಡಿಗೆ ಸರ್ಕಾರದ ಹೊಗೆ ತಪಾಸಣೆ) ತಪ್ಪಲ್ಲ. ಇಂಜಿನ್ ಗಾಡಿಯ ವರ್ಷದ್ದೋ ಅದಕ್ಕಿಂತ ಹೊಸದೋ ಇರಬೇಕು (ಎಲ್‌ಎಸ್‌ಎ ಇಲ್ಲಿ ಪಾಸು), ಜೊತೆಗೆ ಆ ಇಂಜಿನ್ನಿನ ಎಮಿಷನ್ ಸಾಮಾನೆಲ್ಲ ಜಾಗದಲ್ಲಿರಬೇಕು. ಟ್ರಕ್ಕಿನ ಕಂಪ್ಯೂಟರನ್ನೇ ಉಳಿಸಿಕೊಳ್ಳುವ ಮೇಲಿನ ಉಪಾಯ ಅಲ್ಲಿ ಉರುಳಾಗಬಹುದು, ಆ ರಾಜ್ಯದವರು ಇ67 ದಾರಿಯನ್ನೇ ನೋಡಿ. ಊರಿಗೆ ಬಂದು ಬೊಲೆರೋಗೆ ಇಂಥದೇನಾದರೂ ಮಾಡೋಣ ಅನ್ನುವವರಿಗೆ ಗಾಡಿಯ ಮೂಲ ವಿವರ ಬದಲಿಸದಂತೆ ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಂತಿದೆ.

ಹಿಂದಿನ ಆಕ್ಸಲ್ 10 ಬೋಲ್ಟಿನದೇ ಉಳಿದಿದ್ದರೆ ಅಗಲ ಟೈರು ಹಾಕುವ ಮುಂಚೆ ಇನ್ನೊಂದು ಸಲ ಲೆಕ್ಕ ಹಾಕಿ. ಸಣ್ಣ ಟೈರು ಜಾರಿ ಆಕ್ಸಲ್ ಉಳಿಸುತ್ತೆ. ಅಗಲ ಟೈರು ಹಿಡಿದರೆ ಮುರಿಯೋದು ಕ್ರೌನ್ ಪಿನಿಯನ್.