ಬ್ಯಾಕಪ್ ಕಡತದ ತಾರೀಖನ್ನಷ್ಟೇ ನಂಬಿ ಕಂಟ್ರೋಲರ್ ಅಪ್‌ಗ್ರೇಡ್ ಮಾಡಬೇಡಿ

ಹಳ್ಳಿಗಳಿಗೆ ರೇಡಿಯೊ ಲಿಂಕ್ ಮೂಲಕ ಇಂಟರ್‌ನೆಟ್ ಕೊಡುವ ಕೆಲಸದಲ್ಲಿರುವವರು ದಯವಿಟ್ಟು ಇದನ್ನು ಓದಿ. ಕಂಟ್ರೋಲರ್ ಎಂದರೆ ಎಲ್ಲ ಟವರ್‌ಗಳ ರೇಡಿಯೊಗಳನ್ನೂ ಒಂದೇ ಕಡೆಯಿಂದ ನಿರ್ವಹಿಸುವ ತಂತ್ರಾಂಶ. ಕಳೆದ ವಾರ ಇದೇ ಕೆಲಸ ಮಾಡುವ ಮದ್ದೂರಿನವರೊಬ್ಬರು ಫೋನ್ ಮಾಡಿ, "ಇವತ್ತು ರಾತ್ರಿ ಕಂಟ್ರೋಲರ್ ಅಪ್‌ಗ್ರೇಡ್ ಮಾಡುತ್ತಿದ್ದೇನೆ, ಬ್ಯಾಕಪ್ ಇದೆ" ಎಂದರು. ಮಂಡ್ಯದಲ್ಲಿ ಕುಳಿತು ನಾನೂ ಒಮ್ಮೆ ಇದೇ ಮಾತು ಹೇಳಿದ್ದೆ.

ಅದು 2021ರ ಡಿಸೆಂಬರ್. ಲಾಗ್‌ಫೋರ್‌ಜೆ ಎಂಬ ಸಿದ್ಧ ಕೋಡ್ ಲೈಬ್ರರಿಯ ಭದ್ರತಾ ದೋಷ ಬಯಲಾಗಿ, ಜಾವಾ ತಂತ್ರಾಂಶ ಇಟ್ಟುಕೊಂಡವರೆಲ್ಲ ಗಾಬರಿಯಾಗಿದ್ದ ದಿನಗಳು. ನಮ್ಮ ಕಂಟ್ರೋಲರ್‌ನಲ್ಲೂ ಆ ಲೈಬ್ರರಿ ಇತ್ತು. ಅಪ್‌ಗ್ರೇಡ್ ಮಾಡಲೇಬೇಕಿತ್ತು, ಆ ನಿರ್ಧಾರ ತಪ್ಪಲ್ಲ. ಆದರೆ ಎರಡು ವರ್ಷ ಹಳೆಯ ಆವೃತ್ತಿಯಿಂದ, ನಡುವಿನವನ್ನೆಲ್ಲ ಬಿಟ್ಟು, ನೇರವಾಗಿ ಹೊಸದಕ್ಕೆ ಹಾರಿದೆ. ಡೇಟಾಬೇಸನ್ನು ಹೊಸ ರೂಪಕ್ಕೆ ತರುವಾಗ ಅದು ಪಕ್ಕದಲ್ಲೇ ಇನ್ನೊಂದು ಪ್ರತಿ ಬರೆಯುತ್ತಿತ್ತು. ಲಾಗ್ ಕಡತಗಳು ತುಂಬಿಕೊಂಡಿದ್ದ ಡಿಸ್ಕ್‌ನಲ್ಲಿ ಅರ್ಧಕ್ಕೇ ಜಾಗ ಮುಗಿಯಿತು. ಹೊಸ ಆವೃತ್ತಿ ಏಳಲಿಲ್ಲ. ಹಳೆಯದಕ್ಕೆ ಮರಳೋಣವೆಂದರೆ ಅರ್ಧ ಬದಲಾದ ಡೇಟಾಬೇಸನ್ನು ಅದು ಓದಲಿಲ್ಲ.

ಬ್ಯಾಕಪ್ ಹುಡುಕಿದೆ. ಪ್ರತಿ ರಾತ್ರಿಯ ತಾರೀಖು ಹೊತ್ತ ಹದಿನಾಲ್ಕು ಕಡತಗಳು, ಒಂದೊಂದರ ಗಾತ್ರವೂ ಸೊನ್ನೆ. ಅವೂ ಅದೇ ಡಿಸ್ಕ್‌ಗೇ ಹೋಗುತ್ತಿದ್ದವು.

ಬೆಳಿಗ್ಗೆ ಯಾವ ಊರಿನಿಂದಲೂ ದೂರು ಬರಲಿಲ್ಲ. ಕಂಟ್ರೋಲರ್ ನಿಂತರೂ ರೇಡಿಯೊಗಳು ತಮ್ಮ ಪಾಡಿಗೆ ಓಡುತ್ತವೆ, ಬಚಾವಾದೆ ಎಂದುಕೊಂಡೆ. ಹೊಸ ಕಂಟ್ರೋಲರ್ ಹಾಕಿದಾಗ ಒಂದು ರೇಡಿಯೊವೂ ಅದನ್ನು ಒಪ್ಪಲಿಲ್ಲ, ಅವಕ್ಕೆ ಹಳೆಯದರ ಕೀಲಿಯೇ ಬೇಕಿತ್ತು. ನೇರವಾಗಿ ಲಾಗಿನ್ ಆಗಲು ಪಾಸ್‌ವರ್ಡ್ ಬೇಕು. ಆ ಪಾಸ್‌ವರ್ಡ್‌ಗಳನ್ನು ಕಂಟ್ರೋಲರೇ ಸೃಷ್ಟಿಸಿ, ಕೆಟ್ಟುಹೋದ ಅದೇ ಡೇಟಾಬೇಸಿನಲ್ಲಿ ಇಟ್ಟಿತ್ತು. ಉಳಿದದ್ದು ಟವರ್ ಹತ್ತಿ ರೀಸೆಟ್ ಬಟನ್ ಒತ್ತುವುದು.

ಹತ್ತೊಂಬತ್ತು ಕಡೆ ಹತ್ತಿದೆವು. ಪಾಂಡವಪುರದ ಕಡೆ ಬೆಳಗಿನ ಮಂಜಿಗೆ ನೆನೆದಿದ್ದ ಕಬ್ಬಿಣದ ಮೇಲೆ ಜೊತೆಗಿದ್ದ ಹುಡುಗನ ಕಾಲು ಜಾರಿತು. ಬೆಲ್ಟ್ ಕಟ್ಟಿದ್ದರಿಂದ ಉಳಿದ. ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಆತುರ ಪಟ್ಟವನು ನಾನು, ಮೇಲೆ ನೇತಾಡಿದವನು ಅವನು. ರೀಸೆಟ್ ಆದ ಕೂಡಲೇ ಆ ಊರಿನ ಲಿಂಕ್ ಹೋಗುತ್ತಿತ್ತು. ಒಂದು ನ್ಯಾಯಬೆಲೆ ಅಂಗಡಿಯ ಮುಂದೆ, ಬೆರಳಚ್ಚು ಕೊಡಲು ಬಂದ ಅಜ್ಜಿಯರು ಖಾಲಿ ಚೀಲ ಹಿಡಿದು ಮಧ್ಯಾಹ್ನದವರೆಗೆ ಕುಳಿತಿದ್ದರು. "ನೆಟ್ ಯಾವಾಗ ಬರುತ್ತದಪ್ಪಾ?" ಎಂದು ಕೇಳಿದ ಒಬ್ಬರಿಗೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ವಿಷಯ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ರೇಡಿಯೊ ಮೊದಲು ರೇಡಾರ್ ಇದೆಯೇ ಎಂದು ಕನಿಷ್ಠ 60 ಸೆಕೆಂಡು ಆಲಿಸುತ್ತದೆ, ಆಮೇಲೆ ಸಿಗ್ನಲ್ ಕಳುಹಿಸುತ್ತದೆ. ಅದನ್ನು ಮರೆತು, ಲಿಂಕ್ ಕೆಟ್ಟಿದೆ ಎಂದುಕೊಂಡು ಸರಿಯಾಗಿದ್ದ ಡಿಶ್ಶನ್ನೇ ತಿರುಗಿಸಿ ಅರ್ಧ ದಿನ ಕಳೆದೆವು.

ಮದ್ದೂರಿನವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬ್ಯಾಕಪ್ಪನ್ನು ಬೇರೆ ಯಂತ್ರಕ್ಕೆ ಒಯ್ದು, ಅಲ್ಲಿ ಹಳೆಯ ಆವೃತ್ತಿ ಹಾಕಿ, ತೆರೆದು, ಟವರ್‌ಗಳನ್ನು ಎಣಿಸಿ. ಅದೇ ಯಂತ್ರದಲ್ಲಿ ಅಪ್‌ಗ್ರೇಡ್ ಮಾಡಿ ನೋಡಿ. ರೇಡಿಯೊಗಳ ಪಾಸ್‌ವರ್ಡ್‌ಗಳನ್ನು ಕಂಟ್ರೋಲರ್‌ನ ಹೊರಗೆ ಭದ್ರವಾಗಿಡಿ. ಫರ್ಮ್‌ವೇರ್, ಅಂದರೆ ರೇಡಿಯೊದ ಒಳಗಿನ ತಂತ್ರಾಂಶ, ತಾನಾಗಿಯೇ ಬದಲಾಗುವ ಆಯ್ಕೆಯನ್ನು ಮೊದಲೇ ನಿಲ್ಲಿಸಿ. ಅದನ್ನು ಬದಲಿಸುವಾಗ ದೂರದ ತುದಿಯ ರೇಡಿಯೊ ಮೊದಲು, ಹತ್ತಿರದ್ದು ಕೊನೆಗೆ.

ಅವರು ಅಂದು ರಾತ್ರಿ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬ್ಯಾಕಪ್ ತೆರೆದರು. ಅರ್ಧದಷ್ಟು ಟವರ್‌ಗಳು ಅದರಲ್ಲಿ ಇರಲಿಲ್ಲ. ಅಪ್‌ಗ್ರೇಡ್ ಮುಂದಕ್ಕೆ ಹಾಕಿದ್ದಾರೆ.